ಸನ್ 1357 ಫಸಲಿ, ಅಥವಾ ‘ಟೈಮ್‌ಲೈನ್’ ಕಾದಂಬರಿಯ ಓದುಗರ ಜಗಳಕ್ಕೆ ವಾಡಿ ಜಂಕ್ಷನ್ನಿನ ಇತ್ಯರ್ಥ

ಅಮೆರಿಕದ ಮೈಕೇಲ್ ಕ್ರೈಟನ್ 1999ರಲ್ಲಿ ಪ್ರಕಟಿಸಿದ ‘ಟೈಮ್‌ಲೈನ್’ ಕಾದಂಬರಿಯನ್ನು ಓದಿದವರು ಇಪ್ಪತ್ತೈದು ವರ್ಷ ಕಳೆದರೂ ಒಂದು ಮಾತಿಗೆ ಬಂದಿಲ್ಲ. ಕತೆ ಇಷ್ಟು: ಫ್ರಾನ್ಸಿನ ಡೋರ್ಡೋನ್ ನದಿಯ ದಂಡೆಯಲ್ಲಿ ಉತ್ಖನನ ಮಾಡಿಸುತ್ತಿದ್ದ ಪ್ರೊಫೆಸರರು ಕಾಣೆಯಾಗುತ್ತಾರೆ. ಅಗೆದ ಹಳೆಯ ಮಠದೊಳಗೆ ಅವರದೇ ಕೈಬರಹದ ಓಲೆಯೊಂದು ಸಿಗುತ್ತದೆ. ಅದರಲ್ಲಿ ಸಹಾಯಕ್ಕಾಗಿ ಒಂದು ಮೊರೆ, ಕೆಳಗೆ 4/7/1357 ಎಂಬ ತಾರೀಕು. ಶಿಷ್ಯರು ಕಂಪನಿಯೊಂದರ ಯಂತ್ರ ಹತ್ತಿ ಆ ವರ್ಷಕ್ಕೆ ಇಳಿದು ಕೋಟೆ, ಕತ್ತಿ, ಕುದುರೆಗಳ ನಡುವೆ ಗುರುವನ್ನು ಹುಡುಕುತ್ತಾರೆ. ಪುಟಗಳು ತಾವಾಗಿ ಮಗುಚಿಕೊಳ್ಳುತ್ತವೆ, ಮಧ್ಯಯುಗವೆಂದರೆ ಬರೀ ಕತ್ತಲೆಯಲ್ಲ ಎಂದು ಲೇಖಕ ತೋರಿಸಿಕೊಟ್ಟಿದ್ದಾನೆ, ಕೊನೆಯಲ್ಲಿ ಗ್ರಂಥಋಣದ ಪಟ್ಟಿಯನ್ನೂ ಕೊಟ್ಟಿದ್ದಾನೆ ಎಂದು ಮಂಡನಪಕ್ಷದವರು ಹೇಳುತ್ತಾರೆ. ಪಾತ್ರಗಳು ರಟ್ಟಿನ ಬೊಂಬೆಗಳು, ಬರೆಯುವಾಗ ಒಂದು ಕಣ್ಣು ಸಿನಿಮಾದ ಮೇಲಿತ್ತು, ಆ ಸಿನಿಮಾವೂ 2003ರಲ್ಲಿ ಬಂದು ಮಕಾಡೆ ಮಲಗಿತು ಎಂದು ಖಂಡನಪಕ್ಷದವರು. ವಿಜ್ಞಾನದ ಭಾಗ ಬೋರು, ಕುದುರೆಯ ಭಾಗ ಜೋರು ಎನ್ನುವ ಮೂರನೆಯವರೂ ಉಂಟು. ಶಾಸ್ತ್ರದಲ್ಲಿ ಅವರಿಗೆ ಸ್ಥಾನವಿಲ್ಲದ ಕಾರಣ ಇಲ್ಲಿಯೇ ಕೈಬಿಡಲಾಗಿದೆ. ಪ್ರಸ್ತುತ ಪ್ರಬಂಧದ ಸಿದ್ಧಾಂತ ಏನೆಂದರೆ, ಈ ಜಗಳಕ್ಕೆ ಕಾದಂಬರಿಯ ಗುಣದೋಷ ಕಾರಣವೇ ಅಲ್ಲ. 1357 ಎಂದರೆ ಯಾವ ಲೆಕ್ಕದ 1357 ಎಂದು ಎರಡೂ ಪಕ್ಷದವರು ಕೇಳಲಿಲ್ಲ. ಕೇಳುವ ಅಧಿಕಾರವುಳ್ಳವರು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಓದುಗರು. ಬೀದರ, ರಾಯಚೂರಿನವರೂ ಈ ಹಕ್ಕು ಕೇಳಬಹುದು. ಅವರ ಪ್ರಬಂಧವನ್ನು ಅವರೇ ಬರೆದುಕೊಳ್ಳತಕ್ಕದ್ದು.

ಪ್ರಮಾಣಗಳನ್ನು ನೋಡೋಣ. ಈ ಐದೂ ಊರುಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಸುತ್ತಲಿನವರ ಬಾಯಲ್ಲಿ ಇದು ಮೊಗಲಾಯಿ. ಸಂಸ್ಥಾನದ ಕಚೇರಿಗಳಲ್ಲಿ ವರ್ಷವನ್ನು ಫಸಲಿ ಲೆಕ್ಕದಲ್ಲಿ ಬರೆಯುತ್ತಿದ್ದರು. ಫಸಲಿಗೆ 590 ಕೂಡಿಸಿದರೆ ಇಂಗ್ಲಿಷ್ ಸನ್ ಬರುತ್ತದೆ. ಜನವರಿ ಬಂದ ಮೇಲೆ ಒಂದು ಹೆಚ್ಚು. ಹೀಗಾಗಿ ನಿಜಾಮರ ರೈಲು 1874ರಲ್ಲಿ ಸಿಕಂದರಾಬಾದಿನಿಂದ ಬಂದು ವಾಡಿಯಲ್ಲಿ ಮುಂಬಯಿ ಲೈನಿಗೆ ಕೂಡಿಕೊಂಡಾಗ ನಡೆದದ್ದನ್ನು ವಿಜ್ಞಾನಿಗಳು ಇನ್ನೂ ಗಮನಿಸಿಲ್ಲ. ಮುಂಬಯಿಯಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಟಿಕೇಟು ತೆಗೆದವನು ಸೋಲಾಪುರ ದಾಟಿ ಈ ಕಡೆ ಇಳಿದರೆ ಕಚೇರಿಯ ಗೋಡೆಯ ಮೇಲೆ ಹದಿಮೂರನೇ ಶತಮಾನ ಅಂಟಿಸಿರುತ್ತಿತ್ತು. ಸುಮಾರು ಆರುನೂರು ವರ್ಷದ ಹಿಮ್ಮುಖ ಪ್ರಯಾಣಕ್ಕೆ ಕಲ್ಲಿದ್ದಲು ಸಾಕಾಯಿತು. ಕ್ರೈಟನ್ನನ ಯಂತ್ರಕ್ಕೆ ಕ್ವಾಂಟಮ್ ನೊರೆ ಬೇಕು, ಅದನ್ನು ವಿವರಿಸಲು ಅಧ್ಯಾಯಗಟ್ಟಲೆ ಪುಟ ಬೇಕು, ಅಷ್ಟಾದರೂ ಓದುಗರ ಅರ್ಧಕ್ಕರ್ಧ ಭಾಗ ನಂಬುವುದಿಲ್ಲ. ವಾಡಿಯನ್ನು ನಂಬದೆ ಗತಿಯಿಲ್ಲ, ಗಾಡಿ ಬದಲಿಸುವುದೇ ಅಲ್ಲಿ. ರೈಲಿನ ಮುಖ ಕಾಣದ ಚಿಂಚೋಳಿಯ ಓದುಗನೊಬ್ಬನಿಗೆ ಮಾತ್ರ ಇದು ಅನ್ವಯಿಸದು. ಯಂತ್ರ ಯಾವುದಾದರೇನು, ಅದು ನಮ್ಮೂರಲ್ಲಿ ನಿಲ್ಲುತ್ತದೆಯೇ ಎಂಬ ಅವನ ಒಂದೇ ಪ್ರಶ್ನೆಗೆ ಕ್ರೈಟನ್ನನಲ್ಲೂ ಉತ್ತರವಿಲ್ಲ, ರೈಲ್ವೆ ಇಲಾಖೆಯಲ್ಲೂ ಇಲ್ಲ.

ಈಗ ಓಲೆಯ ತಾರೀಕಿಗೆ ಬರೋಣ. ಫಸಲಿ 1357 ಎಂದರೆ 1947ರ ಅಕ್ಟೋಬರಿನಿಂದ 1948ರ ಅಕ್ಟೋಬರಿನವರೆಗಿನ ವರ್ಷ. ದೇಶಕ್ಕೆ ಸ್ವಾತಂತ್ರ್ಯ ಬಂದು ಈ ಭಾಗಕ್ಕೆ ಬಾರದಿದ್ದ ಆ ವರ್ಷದ ಕೊನೆಗೆ, 1948ರ ಸೆಪ್ಟೆಂಬರ್ 17ರಂದು, ಸಂಸ್ಥಾನ ಶರಣಾಯಿತು. ಇನ್ನು 4/7. ಅಮೆರಿಕದವರು ತಿಂಗಳನ್ನು ಮುಂದಿಟ್ಟು ಬರೆಯುವ ಕಾರಣ ಕಾದಂಬರಿಯಲ್ಲಿ ಅದು ಏಪ್ರಿಲ್ 7. ನಮ್ಮ ರೂಢಿಯಂತೆ ಓದಿದರೆ ಏಳನೇ ತಿಂಗಳ ನಾಲ್ಕು. ನಿಜಾಮರ ಫಸಲಿ ವರ್ಷ ಅಕ್ಟೋಬರಿನ ಆಜರ್ ಮಾಸದಿಂದ ಶುರುವಾಗಿ ಏಳನೆಯದಾಗಿ ಖುರ್ದಾದ್ ಬರುತ್ತದೆ, ಅಂದರೆ ಮತ್ತೆ ಏಪ್ರಿಲ್! ಹೇಗೆ ಓದಿದರೂ ಪ್ರೊಫೆಸರರ ಓಲೆ ಏಪ್ರಿಲ್ ಬಿಸಿಲಿಗೇ ಬಂದು ಬೀಳುತ್ತದೆ. ಇದನ್ನು ಕಾಕತಾಳೀಯ ಎನ್ನುವವರು ಶಾಸ್ತ್ರದ್ವೇಷಿಗಳು. ಪ್ರೊಫೆಸರರು ಡೋರ್ಡೋನ್ ದಂಡೆಯಲ್ಲಿ ಇರಲಿಲ್ಲ, ನಮ್ಮ ಕಾಗಿಣಾ ನದಿಯ ದಂಡೆಯಲ್ಲಿದ್ದರು. ಶಿಷ್ಯರು ತಪ್ಪು ಸ್ಟೇಷನ್ನಿನಲ್ಲಿ ಇಳಿದರು. ಆ ಗಡಿಬಿಡಿಯಲ್ಲಿ ಪಾತ್ರಪೋಷಣೆಗೆ ಅವರಿಗೆ ಪುರುಸೊತ್ತು ಸಿಗಲಿಲ್ಲ. ಖಂಡನಪಕ್ಷದ ಮೊದಲ ಆಕ್ಷೇಪ ಇಲ್ಲಿಗೆ ಬಿತ್ತು.

ಪೂರ್ವಪಕ್ಷದವರು ಹೇಳಬಹುದು: ಫಸಲಿ ಎಂದರೆ ಕಂದಾಯ ವಸೂಲಿಗೆ ಮಾಡಿಕೊಂಡ ಬೆಳೆ ಲೆಕ್ಕ, ಅಂಕಿ ಹಿಂದೆ ಸರಿದರೆ ಕಾಲವೂ ಹಿಂದೆ ಸರಿಯುವುದೇ? ಆಕ್ಷೇಪ ಗಂಭೀರವಾದದ್ದು. ಆದರೆ ಮಧ್ಯಯುಗದ ಕಾದಂಬರಿಗೆ ಓದುಗರು ಏನೇನು ಬೇಡುತ್ತಾರೆ ಎಂದು ನೋಡಿ. ಸ್ವಂತ ನಾಣ್ಯ ಟಂಕಿಸುವ ದೊರೆ ಬೇಕು. ಹಾಲಿ ಸಿಕ್ಕಾ ಇತ್ತು. ಊರುಗಳನ್ನು ಉಂಬಳಿಯಾಗಿ ಉಂಡ ಸರದಾರರು ಬೇಕು, ಜಾಗೀರುದಾರರು ಇದ್ದರು. ಕೂಲಿಯಿಲ್ಲದೆ ದುಡಿಯುವ ರೈತ ಬೇಕು. ಬಿಟ್ಟಿ ಬೇಗಾರಿ ಇತ್ತು. ಮನೆಯ ಮಾತೊಂದು, ಕಚೇರಿಯ ಮಾತೊಂದು ಆಗಿರಬೇಕು. ಮನೆಯಲ್ಲಿ ಕನ್ನಡ, ತೆಲುಗು, ಕಚೇರಿಯಲ್ಲಿ ಉರ್ದು. ಕ್ರೈಟನ್ನನ ಪ್ರಯಾಣಿಕರು ಹಳೆಯ ಭಾಷೆಗಳು ತಿಳಿಯಲೆಂದು ಕಿವಿಯೊಳಗೆ ತರ್ಜುಮೆಯ ಗುಂಡಿ ಸಿಕ್ಕಿಸಿಕೊಂಡು ಹೋಗುತ್ತಾರೆ, ಇದು ಅತಿಯಾಯಿತು ಎಂದು ಓದುಗರು ಮೂಗು ಮುರಿದರು. ನಿಜಾಮ್ ಕಾಲದ ಜಮೀನಿನ ಕಾಗದ ಒಂದನ್ನು ಬಿಚ್ಚಿ ನೋಡಿದವರಿಗೆ ಅದು ಅತಿ ಎನಿಸದು. ಕಂದು ತಿರುಗಿದ ದಪ್ಪ ಕಾಗದ, ಮಡಿಕೆಗಳಲ್ಲಿ ಸವೆದು ಜಾಲರಿ ಬಿದ್ದಿದೆ, ಬಲದಿಂದ ಎಡಕ್ಕೆ ಓಡುವ ಉರ್ದು ಅಕ್ಷರ, ಮೂಲೆಯಲ್ಲೊಂದು ದುಂಡು ಮೊಹರು, ನಡುವೆಲ್ಲೋ ಅಜ್ಜನ ಹೆಸರು ಇದೆಯಂತೆ. ಅದನ್ನು ಓದಿ ಹೇಳಲು ಉರ್ದು ಬಲ್ಲ ಮುನ್ಷಿಯೊಬ್ಬ ಬೇಕು, ಆತ ಓದಿದ್ದನ್ನು ನಂಬಬೇಕು, ಕೈಗೆ ಏನಾದರೂ ಇಡಬೇಕು. ಕಿವಿಯ ಗುಂಡಿಗೆ ಹೋಲಿಸಿದರೆ ಇದರಲ್ಲಿ ಸಾಹಸ ಹೆಚ್ಚು. ಒಂದು ವಿಷಯದಲ್ಲಿ ಮಾತ್ರ ಅಣಕಕ್ಕೆ ಆಸ್ಪದವಿಲ್ಲ: ಆ 1357ರಲ್ಲಿ ನಿಜಾಮರ ಪರದ ರಜಾಕಾರ ಪಡೆಯ ಹಾವಳಿಗೆ ಹೆದರಿ ಮನೆಮಾರು ಬಿಟ್ಟು ಗಡಿ ದಾಟಿದ ಕುಟುಂಬಗಳಿಗೆ, ಕುದುರೆಯ ಸಪ್ಪಳ ಕೇಳಿ ಅಡಗಿ ಕೂರುವ ಅಧ್ಯಾಯ ರಂಜನೆಯಾಗಿ ಕಾಣುತ್ತಿರಲಿಲ್ಲ.

ಇನ್ನೊಂದು ಆಕ್ಷೇಪ: ಫಸಲಿಯನ್ನು ಬದಿಗಿಡಿ, ಕ್ರಿಸ್ತಶಕ 1357ರಲ್ಲಿ ಇಲ್ಲಿ ಏನಿತ್ತು? ಪ್ರಶ್ನೆ ಕೇಳಿದವರೇ ಸಿಕ್ಕಿಬೀಳುತ್ತಾರೆ. ಅಲ್ಲಾವುದ್ದೀನ್ ಹಸನ್ ಬಹಮನ್ ಷಾ 1347ರಲ್ಲಿ ರಾಜ್ಯ ಕಟ್ಟಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡಿದ್ದ. 1357ರಲ್ಲಿ ಅದಕ್ಕೆ ಹತ್ತು ತುಂಬಿತ್ತು, ಮರುವರ್ಷ ಅವನು ತೀರಿಕೊಂಡ. ಅದೇ ಹೊತ್ತಿಗೆ ಫ್ರಾನ್ಸಿನ ದೊರೆ ಹಿಂದಿನ ವರ್ಷವಷ್ಟೇ ಯುದ್ಧದಲ್ಲಿ ಸೋತು ಇಂಗ್ಲಿಷರ ಸೆರೆಯಲ್ಲಿದ್ದ. ಕೈಯಲ್ಲಿ ಯಂತ್ರವಿದ್ದವರು ಬೆಳೆಯುತ್ತಿರುವ ರಾಜಧಾನಿಯನ್ನು ಬಿಟ್ಟು, ದೊರೆಯೇ ಇಲ್ಲದ ದೇಶಕ್ಕೆ ಹೋದದ್ದೇಕೆ ಎಂದು ಶಹಾಬಾದಿನ ಓದುಗ ಕೇಳಿದರೆ ಅದನ್ನು ಊರಭಿಮಾನ ಎಂದು ತಳ್ಳಿಹಾಕಲಾಗದು.

ಕಾದಂಬರಿಯ ಮೇಲಿನ ಅತ್ಯಂತ ಬಲವಾದ ಆಕ್ಷೇಪಕ್ಕೆ ಈಗ ಕೈ ಹಾಕಬೇಕು. ಯಂತ್ರ ಒಯ್ಯುವುದು ನಮ್ಮ ಭೂತಕಾಲಕ್ಕಲ್ಲ, ಇನ್ನೊಂದು ವಿಶ್ವಕ್ಕೆ ಎಂದು ಕ್ರೈಟನ್ ಹೇಳುತ್ತಾನೆ. ಹಾಗಾದರೆ ಅಲ್ಲಿ ಬರೆದ ಓಲೆ ನಮ್ಮ ವಿಶ್ವದ ಮಣ್ಣಿನಲ್ಲಿ ಸಿಕ್ಕಿದ್ದು ಹೇಗೆ? ಮಂಡನಪಕ್ಷದವರು ಈ ಪ್ರಶ್ನೆ ಬಂದೊಡನೆ ಕುದುರೆಕಾಳಗದ ಕಡೆಗೆ ಮಾತು ತಿರುಗಿಸುತ್ತಾರೆ. ಉತ್ತರ ಚಿತ್ತಾಪುರ ತಾಲೂಕಿನಲ್ಲಿದೆ. ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1986ರಲ್ಲಿ ಕಾಳಿಯ ಗುಡಿಯ ಮಾಡು ಕುಸಿಯಿತು. ವಿಗ್ರಹದ ಪೀಠವಾಗಿ ಕುಳಿತಿದ್ದ ಕಲ್ಲನ್ನು ನೋಡಿದರೆ ಅದು ಅಶೋಕನ ಶಾಸನ. ಎರಡು ಸಾವಿರ ವರ್ಷಕ್ಕೂ ಹಿಂದಿನ ಸಂದೇಶ, ಜನ ಅದರ ಮೇಲೆ ದೇವರನ್ನು ಕೂರಿಸಿ ಹೂವೇರಿಸುತ್ತ ಬಂದಿದ್ದರು, ತಲುಪಿಸಲು ಬೇಕಾದದ್ದು ಒಂದು ಹಳೆಯ ಮಾಡು. ಸಮೀಪದ ಕನಗನಹಳ್ಳಿಯಲ್ಲಿ ಮುಂದೆ ಆ ರಾಜನ ಚಿತ್ರವೂ ಹೆಸರಿನ ಸಮೇತ ಸಿಕ್ಕಿತು, ಗುರುತಿನ ಚೀಟಿ ಕೇಳಿದಂತೆ. ಇದೂ ಸಾಲದೆಂದರೆ ಶಹಾಬಾದಿನ ಪರ್ಸಿ ಖಣಿಗೆ ಇಳಿಯಿರಿ. ಕೋಟ್ಯಂತರ ವರ್ಷದ ಹಿಂದೆ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಸುಣ್ಣಕಲ್ಲು ಅದು. ಅಂಚಿಗೆ ಉಳಿಯಿಟ್ಟು ಹದವಾಗಿ ಹೊಡೆದರೆ ಹಾಳೆಯಂತೆ ಬಿಟ್ಟುಕೊಳ್ಳುತ್ತದೆ, ಸಂಜೆಯೊಳಗೆ ಲಾರಿ ಹತ್ತಿ ಯಾರದೋ ಪಡಸಾಲೆಗೆ ಹೊರಡುತ್ತದೆ. ಅಷ್ಟು ಹಳೆಯ ಕಾಲದ ಮೇಲೆ ಕೂತು ಊಟ ಮಾಡುವವರು, ಒಂದು ಚೀಟಿ ಬರೀ ಆರುನೂರು ವರ್ಷ ದಾಟಿ ಬಂತೆಂದರೆ ಹುಬ್ಬೇರಿಸುವುದಿಲ್ಲ.

ಉಳಿದದ್ದು ಒಂದೇ ಆಕ್ಷೇಪ, ಅದು ಕೊಂಚ ಅಸಭ್ಯವಾದದ್ದು: ಈ ಐದೂರುಗಳಲ್ಲಿ ‘ಟೈಮ್‌ಲೈನ್’ ಓದಿದವರು ಎಷ್ಟು ಮಂದಿ? ಅಂಕಿಅಂಶ ಸಂಗ್ರಹಿಸಿಲ್ಲ, ಸಂಗ್ರಹಿಸಿದ್ದರೆ ಸಿದ್ಧಾಂತಕ್ಕೆ ಧಕ್ಕೆ ತಗಲುವ ಸಂಭವವಿತ್ತು. ಓದಿರಲೇಬೇಕೆಂಬ ನಿಯಮಕ್ಕೆ ಆಧಾರವಾದರೂ ಎಲ್ಲಿದೆ? ಸೇಡಂ ತಾಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ ನೃಪತುಂಗನ ಆಸ್ಥಾನದಲ್ಲಿ ಒಂಬತ್ತನೇ ಶತಮಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು, ಈ ನಾಡಿನ ಜನ ಪಟ್ಟಾಗಿ ಕುಳಿತು ಓದದೆಯೂ ಕಾವ್ಯದಲ್ಲಿ ಪಳಗಿದವರು ಎಂದು ಸಾರಿ ಹನ್ನೊಂದೂವರೆ ಶತಮಾನ ಕಳೆಯಿತು, ಯಾರೂ ಅದನ್ನು ರದ್ದು ಮಾಡಿಲ್ಲ. ಜಾಣರಲ್ಲದವರೂ ತಿಳಿದವರಂತೆ ಕೃತಿಗಳಲ್ಲಿ ತಪ್ಪು ಹಿಡಿಯುತ್ತಾರೆಂಬ ದೂರೂ ಅದೇ ಗ್ರಂಥದಲ್ಲಿದೆಯಲ್ಲ ಎಂದರೆ, ಅದು ಪರವೂರಿನ ವಿಮರ್ಶಕರನ್ನು ಕುರಿತದ್ದೆಂದು ತಿಳಿಯತಕ್ಕದ್ದು. ಓದಿದವರ ಅಭಿಪ್ರಾಯ ಹೇಗೆ ಮೂರು ದಾರಿಗೆ ಹರಿದಿದೆಯೆಂದು ಮೊದಲೇ ನೋಡಿದ್ದೇವೆ. ಓದದವರ ಅಭಿಪ್ರಾಯ ಒಂದೇ ಕಡೆ ಗಟ್ಟಿಯಾಗಿ ನಿಂತಿರುತ್ತದೆ, ಸ್ಥಿರತೆಯೇ ಪ್ರಮಾಣದ ಲಕ್ಷಣ. ಓದಿನ ಪರಂಪರೆಯೂ ಕಡಿಮೆಯದಲ್ಲ. ಚಿತ್ತಾಪುರದ ಪಕ್ಕದ ನಾಗಾವಿಯ ಘಟಿಕಾಸ್ಥಾನದಲ್ಲಿ ಆರು ಮಂದಿ ಸರಸ್ವತೀ ಭಂಡಾರಿಗರಿದ್ದರೆಂದು 1058ರ ಶಾಸನ ಹೇಳುತ್ತದೆ. ಗ್ರಂಥ ಕಾಯಲು ಆರು ಜನ ಬೇಕಾದರು ಎಂದರೆ, ಒಯ್ದ ಗ್ರಂಥ ಮರಳಿಸದ ಓದುಗರು ಆಗಲೇ ಇದ್ದರೆಂದು ಅನುಮಾನ ಪ್ರಮಾಣದಿಂದ ಸಿದ್ಧವಾಗುತ್ತದೆ.

ಕಡೆಗೆ ಮಾರೆಕ್ ಎಂಬವನ ಸಂಗತಿ. ಕಾದಂಬರಿಯ ಕೊನೆಯಲ್ಲಿ ಉಳಿದವರು ಮರಳುತ್ತಾರೆ, ಮಧ್ಯಯುಗದ ಮೋಹಕ್ಕೆ ಬಿದ್ದ ಇವನೊಬ್ಬ 1357ರಲ್ಲೇ ಉಳಿದುಬಿಡುತ್ತಾನೆ. ಎಂಥ ಪ್ರೇಮ ಎಂದು ಕೆಲವರು ಕಣ್ಣೊರೆಸಿಕೊಂಡರು, ಎಂಥ ಪೆದ್ದ ಎಂದು ಕೆಲವರು ನಕ್ಕರು. ನಮ್ಮ ಲೆಕ್ಕದಲ್ಲಿ ಎರಡಕ್ಕೂ ಎಡೆಯಿಲ್ಲ. ಏಪ್ರಿಲಿನಲ್ಲಿ ಬಂದವನಿಗೆ ಸರದಾರಿಕೆ ದಕ್ಕುವುದು ಸೆಪ್ಟೆಂಬರಿನವರೆಗೆ ಮಾತ್ರ. ಮುಂದಿನ ಫಸಲಿ 1358ರ ಕಾಯಿದೆಯಿಂದ ಜಾಗೀರುಗಳೇ ರದ್ದಾದವು. ಕತ್ತಿ ಝಳಪಿಸಿ ಗೆದ್ದುಕೊಂಡ ಹೊಲ ಉಳಿಯಬೇಕಾದರೆ 1954ರ ಖಾಸ್ರಾ ಪಹಣಿಯಲ್ಲಿ ಅವನ ಹೆಸರಿರಬೇಕು. ಇಲ್ಲವಾದರೆ ಅವನ ಮೊಮ್ಮಕ್ಕಳು ಈಗ ಸೇಡಂ ತಹಸೀಲು ಕಚೇರಿಯ ಮುಂದೆ ಕೂತಿರಬೇಕು, ಅಜ್ಜನ ಹುಟ್ಟಿದ ತಾರೀಕಿನ ಕಾಲಂ ಖಾಲಿ ಬಿಟ್ಟು, ಮುನ್ಷಿಯ ದಾರಿ ಕಾಯುತ್ತ.