ನನ್ನ ಕಣ್ಣಿಗೇನೂ ಆಗಿಲ್ಲ

ಒಪ್ಪಿಕೊಳ್ಳದಿರುವುದು ನಮ್ಮ ಮನೆತನದ ಆಸ್ತಿ. 1953ರಲ್ಲಿ ರಾಯದುರ್ಗ ತಾಲೂಕನ್ನು ಬಳ್ಳಾರಿ ಜಿಲ್ಲೆಯಿಂದ ಬಿಡಿಸಿ ಆಂಧ್ರಕ್ಕೆ ಸೇರಿಸಿದರಲ್ಲ, ನಮ್ಮಜ್ಜ ಸಾಯುವವರೆಗೂ ಕಾಗದದ ಮೇಲೆ ‘ಬಳ್ಳಾರಿ ಜಿಲ್ಲೆ’ ಅಂತಲೇ ಬರೆದರು. ನಾನಿರುವ ಮಡಕಶಿರಾ 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ನಾನು ಮಾತ್ರ ಇನ್ನೂ ಹಳೆಯ ಅನಂತಪುರ ಜಿಲ್ಲೆಯಲ್ಲೇ ಇದ್ದೇನೆ. ಇಂಥವನಿಗೆ ಚಾಳೀಸು ಬಂದಿದೆ ಅಂದರೆ ನಂಬುತ್ತಾನೆಯೇ?

ನಲವತ್ತು ದಾಟಿದ ಮೇಲೆ ಕಣ್ಣಿನ ಮಸೂರ ಬಿರುಸಾಗಿ ಹತ್ತಿರದ್ದು ಮಸುಕಾಗುತ್ತದಂತೆ. ಆಗಲಿ, ಬೇರೆಯವರಿಗೆ. ನೀವೂ ಪೇಪರನ್ನು ಮಾರುದೂರ ಹಿಡಿದು ‘ಏನು ಪ್ರಿಂಟೋ!’ ಎಂದು ಬೈದವರೇ ತಾನೆ? ನಾನು ಮೊದಲು ಪ್ರಿಂಟನ್ನು ಬೈದೆ, ಆಮೇಲೆ ಕರೆಂಟನ್ನು, ಕೊನೆಗೆ ನನ್ನ ಗಿಡ್ಡ ಕೈಗಳನ್ನು. ನೋಯಿಸುವ ನಿಜವನ್ನು ಮನಸ್ಸು ಹೊಸ್ತಿಲಾಚೆಯೇ ನಿಲ್ಲಿಸುವ ಈ ಚಾಳಿಯ ಬಗ್ಗೆ ಫ್ರಾಯ್ಡರ ಮಗಳು ಆನಾ 1936ರಲ್ಲೇ ಬರೆದಿದ್ದಾರೆ. ಸಣ್ಣ ಮಕ್ಕಳಲ್ಲಿ ಇದು ಸಹಜವಂತೆ. ದೊಡ್ಡವರ ಬಗ್ಗೆ ಏನೆಂದರೋ, ಅಕ್ಷರ ತೀರ ಸಣ್ಣದಿತ್ತು, ಬಿಟ್ಟೆ.

ದೂರದ ದೊಡ್ಡಪ್ಪ ತೀರಿಕೊಂಡ ಸುದ್ದಿ ಬಂಧುಗಳ ವಾಟ್ಸಾಪ್ ಗುಂಪಿಗೆ ಬಂತು. ಅಳುವ ಮುಖ ಒತ್ತಲು ಹೋಗಿ, ಬಿದ್ದು ಬಿದ್ದು ನಗುವ ಮುಖ ಒತ್ತಿದೆ. ಒಂದಲ್ಲ, ಸಾಲಾಗಿ. ಎರಡಕ್ಕೂ ಕಣ್ಣೀರು ಇದೆಯಲ್ಲ ಸ್ವಾಮಿ!

ಆಮೇಲೆ ಬಂತು ಲಗ್ನಪತ್ರಿಕೆ. ಮನೆಯಾಕೆ ತವರಿಗೆ ಹೋಗಿದ್ದಳು, ಓದಿ ಹೇಳುವವರಿಲ್ಲ. ಒಂದು ಮಗ್ಗುಲಿಗೆ ತೆಲುಗು, ಇನ್ನೊಂದಕ್ಕೆ ಕನ್ನಡ. ‘ಕಲ್ಯಾಣ’ ಕಂಡಿತು, ‘ದುರ್ಗ’ ಕಂಡಿತು. ನಡುವೆ ‘ಮಂಟಪ, ರಾಯ’ ಅಂತೇನೋ ಇತ್ತಂತೆ. ನಾನು ಕಲ್ಯಾಣದುರ್ಗದಲ್ಲಿ ಇಳಿದೆ. ಬಸ್ಸಿನ ಬೋರ್ಡನ್ನು ಅಷ್ಟು ದೂರದಿಂದ ಓದಿಯೇ ಹತ್ತಿದ್ದೆ, ಗಮನಿಸಿ. ಕಣ್ಣು ಕೆಟ್ಟವನಿಗೆ ಅದಾಗುತ್ತದೆಯೇ?

ಅಲ್ಲೊಂದು ಮದುವೆ ಜೋರಾಗಿ ನಡೆದಿತ್ತು. ನೂರರ ನೋಟೆಂದು ಐನೂರು ಮುಯ್ಯಿ ಮಾಡಿ, ವಧೂವರರ ತಲೆಗೆ ಅಕ್ಷತೆ ಹಾಕಿ, ಊಟಕ್ಕೆ ಕೂತೆ. ಪಲ್ಯದಲ್ಲಿ ಎಳೆ ಬೀನ್ಸು ಕಂಡಿತು. ಒಂದೇ ತುತ್ತಿಗೆ ಬಾಯಿಗಿಟ್ಟೆ. ಅದು ಮೆಣಸಿನಕಾಯಿ. ಕಣ್ಣಲ್ಲಿ ಧಾರಾಕಾರ ನೀರು. ಪಕ್ಕದ ಹಿರಿಯರು ಬೆನ್ನು ಸವರಿ, ‘ಹೆಣ್ಣಿನ ಕಡೆಯವರಾ? ಕೊಟ್ಟ ಮೇಲೆ ಸಂಕಟ ಇದ್ದದ್ದೇ, ತಡ್ಕೊಳ್ಳಿ’ ಎಂದರು. ಹೌದೆಂದು ತಲೆಯಾಡಿಸಿದೆ. ಬೀಳ್ಕೊಡುವಾಗ ಹುಡುಗಿಯನ್ನು ನನ್ನ ಮುಂದೆಯೂ ತಂದು ನಿಲ್ಲಿಸಿದರು. ಅವಳು ಕಾಲಿಗೆ ಬಿದ್ದಳು. ನಾನು ನಿಜವಾಗಿಯೇ ಅತ್ತೆ.

ಊರು ತಪ್ಪಿದ್ದು ತಿಳಿದು ರಾಯದುರ್ಗ ಮುಟ್ಟುವಾಗ ಸಂಜೆ. ಛತ್ರದಲ್ಲಿ ಒಂದು ಕುರ್ಚಿ, ಅದರ ಮೇಲೆ ವಾಚ್‌ಮನ್.

‘ಮೊನ್ನೇನೇ ಆಯ್ತಲ್ಲ ಸಾರ್, ಹದಿನಾರಕ್ಕೆ.’

‘ಹದಿನೆಂಟು ಅಂತ ಹಾಕಿದ್ದಾರಲ್ಲಪ್ಪ!’

ಪಾಪ, ಅವನು ತನ್ನ ಕನ್ನಡಕವನ್ನೇ ತೆಗೆದು ಕೊಟ್ಟ. ಹಾಕಿಕೊಂಡು ಪತ್ರಿಕೆ ನೋಡಿದೆ. ಕಪ್ಪಗೆ, ದಪ್ಪಗೆ, 16.

ಕನ್ನಡಕ ವಾಪಸು ಕೊಟ್ಟು, ‘ಇದರ ಪವರ್ ಸರಿಯಿಲ್ಲ ಕಣಪ್ಪ, ಒಂದ್ಸಲ ಡಾಕ್ಟರಿಗೆ ತೋರಿಸು’ ಅಂದೆ.