ಅಪ್ಪನ ಗ್ಯಾರೇಜು, ಊರಿನ ರಸ್ತೆ

ಕಾರಿನ ಮುಂಚಕ್ರದಿಂದ ‘ಕಟಕಟ’ ಸದ್ದು ಬಂತೆಂದರೆ ಬೆಂಗಳೂರಿಗನಿಗೆ ಎರಡೇ ದಾರಿ. ಒಂದು, ಗ್ಯಾರೇಜಿಗೆ ಹೋಗುವುದು. ಲಿಂಕ್ ರಾಡಿನಿಂದ ಶುರುವಾದ ಪಟ್ಟಿ ಲೋಯರ್ ಆರ್ಮ್, ಬಾಲ್ ಜಾಯಿಂಟ್ ದಾಟಿ ಶಾಕ್ ಅಬ್ಸಾರ್ಬರಿಗೆ ಬರುವಷ್ಟರಲ್ಲಿ ತಿಂಗಳ ಸಂಬಳ ಮುಗಿದಿರುತ್ತದೆ. ಇನ್ನೊಂದು, ಅಪ್ಪನಿಗೆ ಹೇಳುವುದು. ಇದು ಅಗ್ಗ ಎಂಬ ಮೂಢನಂಬಿಕೆ ವಿದ್ಯಾವಂತರಲ್ಲೂ ಉಂಟು.

ಅಪ್ಪಂದಿರು ಅಂಬಾಸಿಡರ್ ಕಾಲದವರು. ಹಿಂದೆ ಲೀಫ್ ಸ್ಪ್ರಿಂಗ್ ಹೊತ್ತು, ಸುತ್ತಿಗೆಯ ಏಟಿಗೆ ಬಗ್ಗುತ್ತಿದ್ದ ಆ ಗಾಡಿಯ ತಯಾರಿಕೆ 2014ರಲ್ಲೇ ನಿಂತಿತು. ಅದರ ಮೇಲೆ ಕಲಿತ ವಿದ್ಯೆ ಮಾತ್ರ ನಿಂತಿಲ್ಲ. ರಬ್ಬರ್ ಬುಷ್ ಸವೆದಿದೆಯೇ? ಹಳೇ ಲಾರಿ ಟಯರಿನ ತುಂಡು ಕತ್ತರಿಸಿ ತುರುಕು. ಗಾಡಿ ತಗ್ಗಿದೆಯೇ? ಸ್ಪ್ರಿಂಗಿನ ಸುರುಳಿಗಳ ನಡುವೆ ರಬ್ಬರ್ ಇಡು. ಒಂದು ಶಾಕ್ ಅಬ್ಸಾರ್ಬರ್ ಎಣ್ಣೆ ಸೋರುತ್ತಿದೆಯೇ? ಅದೊಂದನ್ನೇ ಬದಲಿಸು, ಜೋಡಿಯಾಗಿ ಬದಲಿಸಬೇಕೆನ್ನುವುದು ಕಂಪನಿಯವರ ಹುನ್ನಾರ. ಚಕ್ರ ಗಾಳಿಯಲ್ಲಿ ನೇತಾಡುತ್ತಿರುವಾಗಲೇ ಬುಷ್‌ನ ಬೋಲ್ಟು ಬಿಗಿದರೆ ಗಾಡಿ ಕೆಳಗಿಳಿದಾಗ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ ಎಂದು ಮಗ ಹೇಳಿ ನೋಡಲಿ: “ಲೋ, ನೀನು ಓದಿದ್ದು ಕಂಪ್ಯೂಟರ್ ಅಲ್ವೇನೋ? ಟಾರ್ಚ್ ಸರಿಯಾಗಿ ಹಿಡಿ.”

ಅಮ್ಮ ಬಾಗಿಲಿಗೆ ಬಂದು, “ರೀ, ಅವನನ್ಯಾಕೆ ಗಾಡಿ ಕೆಳಗೆ ಮಲಗಿಸಿದೀರಾ?” ಎಂದರೆ ಉತ್ತರ ಸಿದ್ಧ: “ನಂಗೆ ಮಂಡಿನೋವು ಕಣೇ.”

ಅಪ್ಪನನ್ನು ನೋಡಿ ನಗುವ ಮುನ್ನ ಗೇಟಿನಾಚೆ ಕಣ್ಣು ಹಾಯಿಸಿ. ಗುಂಡಿಗೆ ಜಲ್ಲಿ–ಮಣ್ಣು ಸುರಿದು ಕಾಲಿನಿಂದ ತುಳಿದು ಹೋದವರೂ ಇದೇ ವಿಶ್ವವಿದ್ಯಾಲಯದ ಪದವೀಧರರು. ಮೊದಲ ಮಳೆಗೆ ಜಲ್ಲಿ ಚರಂಡಿ ಸೇರಿ, ಗುಂಡಿ ತನ್ನ ಮೂಲ ಆಳಕ್ಕೆ ಮರಳುತ್ತದೆ. ರಸ್ತೆ ಉಬ್ಬಿಗೂ ಒಂದು ಲೆಕ್ಕವಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪ್ರಕಾರ ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟುವ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ನಮ್ಮ ಬಡಾವಣೆಯವರು ಎತ್ತರವನ್ನು ಸ್ಥಳೀಯ ಪುಢಾರಿಯ ಪ್ರತಿಷ್ಠೆಗೆ, ಅಗಲವನ್ನು ಉಳಿದ ಡಾಂಬರಿಗೆ ತಕ್ಕಂತೆ ಇಡುತ್ತಾರೆ.

ವ್ಯತ್ಯಾಸವೇ ಇಲ್ಲವೆಂದಲ್ಲ. ಅಪ್ಪ ಬಿಲ್ ಬರೆಯುವುದಿಲ್ಲ. ಕೆಲಸ ಕೆಟ್ಟರೆ ರಾತ್ರಿ ಊಟದ ಹೊತ್ತಿಗೆ ಅಮ್ಮನೆದುರು ಲೆಕ್ಕ ಒಪ್ಪಿಸಬೇಕು. ಗುತ್ತಿಗೆದಾರ ಬಿಲ್ ಮೊದಲು ಬರೆದು ಗುಂಡಿ ಆಮೇಲೆ ಹುಡುಕುತ್ತಾನೆ. ಅವನನ್ನು ಹಾಗೆ ಕೇಳುವ ಅಮ್ಮ ಯಾವ ಕಚೇರಿಯಲ್ಲೂ ಇಲ್ಲ.

10ರಿಂದ 20 ಲಕ್ಷ ರೂಪಾಯಿಯ ಪೆಟ್ರೋಲ್ ಕಾರು ಕೊಂಡವನಿಂದ ಕರ್ನಾಟಕ ಸರ್ಕಾರ ಶೇ 17ರಷ್ಟು ಜೀವಿತಾವಧಿ ತೆರಿಗೆಯನ್ನು ಒಂದೇ ಸಲಕ್ಕೆ ವಸೂಲು ಮಾಡುತ್ತದೆ. ತೆರಿಗೆಗೆ ಜೀವಿತಾವಧಿ ಇದೆ, ರಸ್ತೆಗೆ ಒಂದು ಮಳೆಗಾಲವೂ ಇಲ್ಲ. ಆಮೇಲೆ ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಬುಷ್‌ಗೆ ತೆರುವುದು ಎರಡನೇ ತೆರಿಗೆ, ಭಾನುವಾರವಿಡೀ ಅಪ್ಪ ಮಾಡುವ ಬಿಟ್ಟಿ ಚಾಕರಿ ಮೂರನೆಯದು. ರಸ್ತೆ ರಿಪೇರಿಯನ್ನು ಇಷ್ಟು ಸದ್ದಿಲ್ಲದೆ ಮನೆಮನೆಗೆ ಹಂಚಿದ ಆಡಳಿತವನ್ನು ವಿಕೇಂದ್ರೀಕರಣದ ಪಾಠದಲ್ಲಿ ಸೇರಿಸಬೇಕು.

ಆದ್ದರಿಂದ ಓದುಗರೇ, ಕಾರಿನ ಜೊತೆ ಬರುವ ಜಾಕು ಟಯರ್ ಬದಲಿಸಲಿಕ್ಕಷ್ಟೇ. ಅದನ್ನು ನಂಬಿ ಗಾಡಿ ಕೆಳಗೆ ತಲೆ ತೂರಿಸಬೇಡಿ. ಅದುಮಿಟ್ಟ ಸ್ಪ್ರಿಂಗ್ ನಟ್ಟು ಕಳಚಿದೊಡನೆ ಸಿಡಿದು ಜೀವ ತೆಗೆಯಬಲ್ಲದು. ಅದನ್ನು ಹಿಡಿದಿಡುವ ಸಲಕರಣೆ ಇರುವ ಮೆಕ್ಯಾನಿಕ್‌ಗೇ ಬಿಡಿ. ಅಪ್ಪನಿಗೆ ಬೇರೆ ಕೆಲಸ ಕೊಡಿ: ಗ್ಯಾರೇಜಿನ ಬಿಲ್ಲಿನ ನಕಲು, ಗುಂಡಿಯ ಫೋಟೊ ಎರಡನ್ನೂ ಹಿಡಿದು ವಾರ್ಡ್ ಎಂಜಿನಿಯರರ ಕಚೇರಿಗೆ ಹೋಗಲಿ. ಜೊತೆಗೆ ಅಮ್ಮನನ್ನೂ ಕಳಿಸಿ.