ಕೋಳಿ ಮೇಷ್ಟ್ರು

ಸಂಜೆ ಆರೂಕಾಲಾದರೆ ನಮ್ಮ ಬೀದಿಯಲ್ಲಿ ಹಾಜರಿ ಕೂಗುವುದು ಕೇಳಿಸುತ್ತದೆ. ಬೀದಿಗೆ ಹೊಸದಾಗಿ ಬಂದವರು ಯಾರೋ ಮನೆಪಾಠ ಶುರು ಮಾಡಿರಬೇಕು ಅಂದುಕೊಂಡು ಫೀಜು ಎಷ್ಟು ಎಂದು ವಿಚಾರಿಸುತ್ತಾರೆ. ಕೂಗುವವರು ಹೈಸ್ಕೂಲಿನಲ್ಲಿ 34 ವರ್ಷ ಚರಿತ್ರೆ ಪಾಠ ಹೇಳಿ ನಿವೃತ್ತರಾದ ನಮ್ಮ ಮೇಷ್ಟ್ರು. ಓಗೊಡಬೇಕಾದವರು ಐದು ಹೇಂಟೆ, ಒಂದು ಹುಂಜ.

ಇಂಥವರು ಊರಿಗೊಬ್ಬರು ಇರುತ್ತಾರೆ. ಒಂದೂರಲ್ಲಿ ಬ್ಯಾಂಕಿನ ಕ್ಯಾಷಿಯರ್ ಆಗಿದ್ದವರು, ಇನ್ನೊಂದೂರಲ್ಲಿ ತಾಲ್ಲೂಕು ಕಚೇರಿಯ ಶಿರಸ್ತೇದಾರರಾಗಿದ್ದವರು. ನಿವೃತ್ತಿಯ ಮೊದಲನೇ ತಿಂಗಳು ಮನೆಯವರ ಮೇಲೆ ಅಧಿಕಾರ ನಡೆಸಲು ನೋಡುತ್ತಾರೆ. ಆ ಹುದ್ದೆ ಬಹಳ ಹಿಂದೆಯೇ ಭರ್ತಿಯಾಗಿರುತ್ತದೆ. ಎರಡನೇ ತಿಂಗಳು ಗುಲಾಬಿ ಗಿಡ ನೆಡುತ್ತಾರೆ. ಗಿಡ ಬೈದರೂ ಅಲ್ಲಾಡುವುದಿಲ್ಲ. ಮೂರನೇ ತಿಂಗಳು ಕೋಳಿ ತರುತ್ತಾರೆ. ಕೋಳಿ ಗದರಿಸಿದರೆ ಓಡುತ್ತದೆ, ಕರೆದರೆ ಬರುತ್ತದೆ, ಕೈ ಎತ್ತಿದರೆ ತಲೆ ತಗ್ಗಿಸುತ್ತದೆ. ಇಷ್ಟು ಶಿಸ್ತು ಮೇಷ್ಟ್ರಿಗೆ ಹತ್ತನೇ ತರಗತಿ ‘ಬಿ’ ಸೆಕ್ಷನ್ನಿನಲ್ಲಿ ಎಂದೂ ಸಿಕ್ಕಿರಲಿಲ್ಲ. ಇದನ್ನು ನಾನು ಖಚಿತವಾಗಿ ಹೇಳಬಲ್ಲೆ, ಆ ಸೆಕ್ಷನ್ನಿನಲ್ಲಿ ನಾನೂ ಇದ್ದೆ.

ಮೂರು ಗಿರಿರಾಜ, ಎರಡು ನಾಟಿ. ಗಿರಿರಾಜ ತಳಿ ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡದ್ದು ಎಂಬುದನ್ನು ಮೇಷ್ಟ್ರು ಕೋಳಿ ತೋರಿಸುವ ಮೊದಲೇ ಹೇಳಿಬಿಡುತ್ತಾರೆ. ಹುಂಜನ ಹೆಸರು ಪುಲಿಕೇಶಿ. ಎದುರುಮನೆ ಬೆಕ್ಕು ಕಂಡರೆ ಮೊದಲು ಓಡುವವನು ಅವನೇ. ಒಂದು ಗಿರಿರಾಜಕ್ಕೆ ಚೆನ್ನಮ್ಮ ಎಂದಿಟ್ಟಿದ್ದರು. “ಅದು ನಮ್ಮತ್ತೆ ಹೆಸರು, ಬದಲಾಯಿಸ್ತೀರೋ ಇಲ್ವೋ” ಎಂದು ಮೇಷ್ಟ್ರ ಮನೆಯ ಅಮ್ಮಾವ್ರು ಕೇಳಿದ ಮೇಲೆ ಅದು ಶಾಂತಲೆಯಾಯಿತು. ಸಂತೆಯಿಂದ ಬರುವಾಗಲೇ ಹೆಸರು ಹೊತ್ತು ಬಂದವಳೆಂದರೆ ಕೆಂಪಿ ಎಂಬ ನಾಟಿ ಹೇಂಟೆ. ಹಾಜರಿ ಪುಸ್ತಕದಲ್ಲಿ ಎಲ್ಲರ ಹೆಸರಿನ ಮುಂದೆ ಮೊಟ್ಟೆಯ ಲೆಕ್ಕ, ಕೊನೆಯಲ್ಲಿ ‘ಷರಾ’ ಎಂಬ ಅಂಕಣ. ಅದರಲ್ಲಿ ‘ನಡತೆ ತೃಪ್ತಿಕರ’ ಎಂದೂ, ಪುಲಿಕೇಶಿಯ ಮುಂದೆ ‘ಸುಧಾರಿಸಬೇಕು’ ಎಂದೂ ಕೆಂಪು ಶಾಯಿಯಲ್ಲಿ ಬರೆದಿರುತ್ತದೆ.

ಮೇಷ್ಟ್ರು ಸಸ್ಯಾಹಾರಿಗಳೆಂದು ಯಾರೂ ತಪ್ಪು ತಿಳಿಯಬಾರದು. ಭಾನುವಾರ ಬೆಳಿಗ್ಗೆ ಸ್ಟೀಲ್ ಡಬ್ಬಿ ಹಿಡಿದು ಕೋಳಿ ಅಂಗಡಿ ಸಾಲಿನಲ್ಲಿ ನಿಲ್ಲುತ್ತಾರೆ. “ಮೇಷ್ಟ್ರೇ, ಮನೇಲೇ ಇಟ್ಕೊಂಡು ಅಂಗಡಿಗೆ ಬರ್ತೀರಲ್ಲ” ಅಂದರೆ, “ಅದು ಬ್ರಾಯ್ಲರ್ ಕಣೋ, ಇದು ಕೆಂಪಿ” ಅನ್ನುತ್ತಾರೆ. ಅದಕ್ಕಿಂತ ಹೆಚ್ಚಿನ ವಿವರಣೆ ಅವರಿಂದ ಈವರೆಗೆ ಬಂದಿಲ್ಲ.

ಒಂದು ಬುಧವಾರ ಸಂಜೆ ಕೆಂಪಿ ಹಾಜರಿ ಕೊಡಲಿಲ್ಲ. ಗೂಡಿನ ಮೂಲೆಯಲ್ಲಿ ಗರಿ ಕೆದರಿಕೊಂಡು, ಕತ್ತು ಒಳಗೆಳೆದುಕೊಂಡು, ಕಣ್ಣು ಅರೆಮುಚ್ಚಿ ತೂಕಡಿಸುತ್ತಿದ್ದಳು. ಜುಟ್ಟು ಬಾಡಿತ್ತು. ಅಕ್ಕಿ ನುಚ್ಚು ಮುಂದಿಟ್ಟರೆ ಆ ಕಡೆ ಮುಖ ತಿರುಗಿಸಿದಳು. ಮೇಷ್ಟ್ರು ಕಾಂಪೌಂಡಿನಾಚೆಯಿಂದ ನನ್ನನ್ನು ಕೂಗಿದ ದನಿ ಕೇಳಿ, ಅಮ್ಮಾವ್ರಿಗೇ ಏನೋ ಆಯಿತೆಂದು ನಾನು ಚಪ್ಪಲಿ ಹಾಕದೆ ಓಡಿದೆ. ಅಮ್ಮಾವ್ರು ಬಾಗಿಲಲ್ಲೇ ನಿಂತು ಅವರೆಕಾಯಿ ಸುಲಿಯುತ್ತಿದ್ದರು. “ಹಿತ್ತಲಿಗೆ ಹೋಗಪ್ಪ, ಪೇಷಂಟ್ ಅಲ್ಲಿದೆ” ಅಂದರು.

ನಮ್ಮ ಕಡೆ ಕೋಳಿಗೆ ಯಾವ ಕಾಯಿಲೆ ಬಂದರೂ ಔಷಧಿ ಒಂದೇ: ಮೆಣಸು, ಕೊತ್ತಂಬರಿ ಬೀಜ, ಒಂದು ಹೋಳು ತೆಂಗಿನಕಾಯಿ. ಅರ್ಧ ಗಂಟೆಯಲ್ಲಿ ಹಿತ್ತಲಲ್ಲಿ ನೆರೆದ ಬೀದಿಯ ಪರಿಣತರಲ್ಲಿ ಬಹುಮತವೂ ಈ ಕಡೆಗೇ ಇತ್ತು. ಆಟೋದವನು ನೇರವಾಗಿ ಹೇಳಿದ: “ಇವತ್ತು ಕೊಯ್ದ್ರೆ ಸಾರಿಗಾಗುತ್ತೆ ಮೇಷ್ಟ್ರೇ, ನಾಳೆಗೆ ಬಿಟ್ರೆ ಮಣ್ಣಿಗೆ.” ಮೇಷ್ಟ್ರು ಅವನನ್ನು ನೋಡಿದ ನೋಟವನ್ನು ನಾನು ಹಿಂದೆ ಒಮ್ಮೆ ಕಂಡಿದ್ದೆ, ಪರೀಕ್ಷೆಯಲ್ಲಿ ಟಿಪ್ಪು ಸುಲ್ತಾನನ ತಂದೆ ಅಕ್ಬರ್ ಎಂದು ಬರೆದಿದ್ದಾಗ.

ಅಲ್ಪಮತದವರು ವೈದ್ಯಕ್ಕೆ ಇಳಿದರು. ಅಂಗಡಿಯವನು ಬೆಳ್ಳುಳ್ಳಿ ತಂದ. ದರ್ಜಿ ಕಾಳುಮೆಣಸೆಂದ, ನಾಲ್ಕೇ ಕಾಳು, ಹೆಚ್ಚಾದರೆ ಉಷ್ಣ. ಮೂಲೆಮನೆ ಅಜ್ಜಿ ಅಮೃತಬಳ್ಳಿ ಎಲೆ ಕಳಿಸಿದರು. ನಾನು ಕೊಕ್ಕು ಬಿಡಿಸಿ ಹಿಡಿದೆ, ಮೇಷ್ಟ್ರು ಒಂದೊಂದಾಗಿ ಒಳಗೆ ತಳ್ಳಿದರು. ಕೆಂಪಿ ಎಲ್ಲವನ್ನೂ ನುಂಗಿ, ಎಲ್ಲರನ್ನೂ ಒಮ್ಮೆ ನೋಡಿ, ಮತ್ತೆ ಕಣ್ಣು ಮುಚ್ಚಿದಳು.

ಅನಂತರ ಥರ್ಮಾಮೀಟರು ಬಂತು. ರೆಕ್ಕೆಯ ಸಂದಿಯಲ್ಲಿಟ್ಟು, ಗಡಿಯಾರ ನೋಡಿ, ತೆಗೆದು ದೀಪದ ಕೆಳಗೆ ಹಿಡಿದ ಮೇಷ್ಟ್ರ ಕೈ ನಡುಗಿತು. “ನೂರಾ ಆರು ಕಣೋ!” ಪಾದರಸ ಇನ್ನೆರಡು ಗೆರೆ ಹತ್ತಿದ್ದರೆ ಗಾಜಿನ ಕೊಳವೆಯೇ ಮುಗಿಯುತ್ತಿತ್ತು. ರಾತ್ರಿ ಹನ್ನೆರಡರವರೆಗೆ ಕೆಂಪಿಯ ನೆತ್ತಿಗೆ ಒದ್ದೆಬಟ್ಟೆ ಹಾಕಿದರು. ಅಮ್ಮಾವ್ರು ಕೇಳಿದ್ದು ಒಂದೇ ಪ್ರಶ್ನೆ: “ಆ ಥರ್ಮಾಮೀಟರ್ ನಾಳೆ ಯಾರ ಬಾಯಿಗಿಡೋದು?”

ಬೆಳಿಗ್ಗೆ ನಾನು, 1962ಕ್ಕೆ ಫೋನ್ ಮಾಡಿದರೆ ಪಶು ಸಂಜೀವಿನಿ ಗಾಡಿಯೇ ಬರುತ್ತದಂತೆ ಎಂದೆ. ಮೇಷ್ಟ್ರು ಒಪ್ಪಲಿಲ್ಲ. “1962 ಅಂದ್ರೆ ಚೀನಾ ಯುದ್ಧ. ನಾವು ಸೋತ ವರ್ಷ. ಆ ನಂಬರಿಗೆ ನಾನು ಫೋನ್ ಮಾಡಲ್ಲ.” ಚರಿತ್ರೆ ಮೇಷ್ಟ್ರ ಜತೆ ವಾದಿಸಿ ನಾನು ಎಂದೂ ಪಾಸಾದವನಲ್ಲ. ಹದಿನಾಲ್ಕು ಕಿಲೋಮೀಟರ್ ದೂರದ ತಾಲ್ಲೂಕು ಕೇಂದ್ರದ ದನದಾಸ್ಪತ್ರೆಗೆ ಬಸ್ಸಿನಲ್ಲಿ ಹೊರಟೆವು. ತರಕಾರಿ ಚೀಲದೊಳಗೆ ಕೆಂಪಿ, ಚೀಲದ ಬಾಯಲ್ಲಿ ಕೆಂಪಿಯ ತಲೆ.

“ಕೋಳಿಗೆ ಅರ್ಧ ಟಿಕೆಟ್ ಆಗುತ್ತೆ ಸಾರ್” ಅಂದ ಕಂಡಕ್ಟರ್.

“ಆರು ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ ಅಲ್ವೇನಪ್ಪ? ಇವಳಿಗಿನ್ನೂ ಒಂದೂವರೆ.”

“ಅದು ಮನುಷ್ಯರಿಗೆ ಸಾರ್.”

“ಹೋಗ್ಲಿ, ಶಕ್ತಿ ಯೋಜನೆ ಇದೆಯಲ್ಲ. 2023ರ ಜೂನ್‌ನಿಂದ ಹೆಂಗಸರಿಗೆ ಫ್ರೀ. ಇದು ಹೇಂಟೆ.”

ಕಂಡಕ್ಟರ್ ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡ. “ಆಗ್ಲಿ ಸಾರ್, ಆಧಾರ್ ಕಾರ್ಡ್ ತೋರ್ಸಿ. ಶೂನ್ಯ ಟಿಕೆಟ್ ಕೊಡ್ತೀನಿ.”

ಇಡೀ ಬಸ್ಸು ನಕ್ಕಿತು. ಮೇಷ್ಟ್ರು ದುಡ್ಡು ಕೊಟ್ಟರು. ಆ ಟಿಕೆಟ್ಟು ಈಗಲೂ ಹಾಜರಿ ಪುಸ್ತಕದಲ್ಲಿ ಅಂಟಿಕೊಂಡಿದೆ.

ಆಸ್ಪತ್ರೆಯಂಗಳದಲ್ಲಿ ನಮ್ಮ ಮುಂದೆ ಕೆಚ್ಚಲು ಬಾತ ಎಮ್ಮೆ, ಕಾಲು ಕುಂಟುವ ಹೋರಿ, ಹೊಟ್ಟೆ ಉಬ್ಬರಿಸಿದ ಎರಡು ಆಡು. ಎಮ್ಮೆಯವನು ನಮ್ಮ ಹಿಂದೆ ಮುಂದೆ ನೋಡಿ, “ನಿಮ್ಮ ಜಾನುವಾರು ಎಲ್ಲಿ ಕಟ್ಟಿದೀರಿ ಸಾಮಿ?” ಎಂದ. ಮೇಷ್ಟ್ರು ಚೀಲ ಸ್ವಲ್ಪ ಎತ್ತಿದರು. ಅವನು ಕೆಂಪಿಯನ್ನು ನೋಡಿದ, ಮೇಷ್ಟ್ರ ಇಸ್ತ್ರಿ ಅಂಗಿಯನ್ನು ನೋಡಿದ, ಆಮೇಲೆ ತನ್ನ ಎಮ್ಮೆಯ ಬೆನ್ನನ್ನು ಇನ್ನಿಲ್ಲದ ಪ್ರೀತಿಯಿಂದ ಸವರಿದ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಮೇಷ್ಟ್ರು ಮೂರು ಪುಟದ ವರದಿ ಬರೆದು ತಂದಿದ್ದರು. ಹಿನ್ನೆಲೆ, ಕಾರಣಗಳು, ಪರಿಣಾಮಗಳು. ಅದನ್ನು ಪಕ್ಕಕ್ಕಿಟ್ಟು, ಅವರು ಕೆಂಪಿಯ ಕತ್ತಿನ ಬುಡಕ್ಕೆ ಕೈ ಹಾಕಿದರು.

“ಯಾವಾಗ ತಿಂದಿದ್ದು?”

“ನಿನ್ನೆ ಸಂಜೆಯಿಂದ ಒಂದು ಕಾಳೂ ಮುಟ್ಟಿಲ್ಲ ಮೇಡಂ. ಜ್ವರ ಬೇರೆ, ನೂರಾ ಆರು.”

“ಕೋಳಿಗೆ ನೂರಾ ಆರು, ನೂರಾ ಏಳು ಇರೋದೇ ಸಾರ್. ನಮ್ಮ ಥರ ತೊಂಬತ್ತೆಂಟು ತೋರ್ಸಿದ್ರೆ ಗಾಬರಿ ಆಗಬೇಕಿತ್ತು. ಒದ್ದೆಬಟ್ಟೆ ಗಿಟ್ಟೆ ಏನೂ ಹಾಕಿಲ್ಲ ತಾನೆ? ಕಾಯಿಲೆ ಕೋಳೀನ ಬೆಚ್ಚಗಿಡಬೇಕು.”

ಮೇಷ್ಟ್ರು ಗೋಡೆಯ ಮೇಲಿನ ಹಸುವಿನ ಚಿತ್ರ ನೋಡತೊಡಗಿದರು.

“ಇಲ್ಲಿ ಮುಟ್ಟಿ ನೋಡಿ. ಮೇವಿನ ಚೀಲ ಇದು. ತಿಂದಿದ್ದು ಮೊದಲು ಇಲ್ಲಿ ಬಂದು ಕೂರುತ್ತೆ. ರಾತ್ರಿ ಕಳೆದು ಬೆಳಗಾಗೋಷ್ಟರಲ್ಲಿ ಖಾಲಿ ಆಗಬೇಕು. ಇದು ಕಲ್ಲಿನ ಥರ ಇದೆ. ಏನೋ ಸಿಕ್ಕಿಕೊಂಡಿದೆ.”

ಎಣ್ಣೆ ಬಿಟ್ಟು ನೀವಿ ನೋಡಿದರು, ಕರಗಲಿಲ್ಲ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಹೆಬ್ಬೆರಳಿನ ಅಗಲಕ್ಕೆ ಸೀಳಿದರು. ಹಿಡಿದುಕೊಂಡವನು ನಾನು, ಮೇಷ್ಟ್ರು ಹೊರಗೆ ಎಮ್ಮೆಯ ಪಕ್ಕ ನಿಂತಿದ್ದರು. ಚಿಮ್ಮಟದಲ್ಲಿ ಮೊದಲು ಬಂದದ್ದು ಬೆಳ್ಳುಳ್ಳಿ. ಅಂಗಡಿಯವನದು. ಆಮೇಲೆ ಕಾಳುಮೆಣಸು, ದರ್ಜಿ ಹೇಳಿದಂತೆ ನಾಲ್ಕೇ. ಅಮೃತಬಳ್ಳಿ ಎಲೆ ಕೂಡ ಅಜ್ಜಿ ಕಳಿಸಿದಾಗ ಹೇಗಿತ್ತೋ ಹೆಚ್ಚುಕಡಿಮೆ ಹಾಗೆಯೇ ಇತ್ತು. ನಮ್ಮ ಬೀದಿಯ ವೈದ್ಯವೃಂದವೆಲ್ಲ ಒಂದು ಸ್ಟೀಲ್ ತಟ್ಟೆಯಲ್ಲಿ ಸಾಲಾಗಿ ಕೂತಿತು. ಇವರೆಲ್ಲರಿಗೂ ದಾರಿ ಕಟ್ಟಿ ನಿಂತಿದ್ದದ್ದು ಕೊನೆಗೆ ಬಂತು: ಹುಲ್ಲಿನ ಜತೆ ಹೊಸೆದುಕೊಂಡ, ಮೊಳದುದ್ದದ ಬಾಳೆನಾರು. ತುದಿಯಲ್ಲಿ ಸೇವಂತಿಗೆಯ ತೊಟ್ಟು ಇನ್ನೂ ಇತ್ತು.

ದೇವರಿಗೆ ಹಾಕಿದ ಹಾರವನ್ನು ಮಾರನೇ ದಿನ ತೆಂಗಿನ ಬುಡಕ್ಕೆ ಹಾಕುವುದು ಮೇಷ್ಟ್ರ ಕೆಲಸ. ನಾರು ಬಿಚ್ಚಿ ಹಾಕಿ, ಕೋಳಿ ಎಳೆದಾಡುತ್ತವೆ ಎಂದು ಅಮ್ಮಾವ್ರು ಹೇಳುತ್ತಿದ್ದುದು ನಮ್ಮ ಮನೆಯವರೆಗೂ ಕೇಳಿಸುತ್ತಿತ್ತು.

ಹೊಲಿಗೆ ಹಾಕಿ, ಗುಳಿಗೆ ಬರೆದು, ತಾನು ಹೇಳುವವರೆಗೆ ಈ ಕೋಳಿಯ ಮೊಟ್ಟೆ ತಿನ್ನಬಾರದೆಂದು ಎಚ್ಚರಿಸಿ, ಡಾಕ್ಟರಮ್ಮ ಕೈ ತೊಳೆಯುತ್ತಾ ಕೇಳಿದರು: “ಉಳಿದವಕ್ಕೆ ಕೊಕ್ಕರೆ ರೋಗದ ಲಸಿಕೆ ಹಾಕ್ಸಿದೀರಾ?”

“ಕೊಕ್ಕರೆ ರೋಗ ಅಂದ್ರೆ ರಾಣಿಖೇತ್ ತಾನೆ ಮೇಡಂ?” ಮೇಷ್ಟ್ರಿಗೆ ಜೀವ ಬಂತು. “1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಕಾಣಿಸಿಕೊಂಡಿದ್ದು. ನಮ್ಮಲ್ಲಿ ಹಿಮಾಲಯದ ಕಡೆಯ ರಾಣಿಖೇತಿನ ಹೆಸರು ಬಂತು. ಹಸಿರು ಹಿಕ್ಕೆ, ಕತ್ತು ತಿರುಚಿಕೊಳ್ಳೋದು...”

“ಬಂದ್ರೆ ಔಷಧಿ ಇಲ್ಲ ಸಾರ್. ಇಡೀ ಗೂಡು ಖಾಲಿ ಆಗುತ್ತೆ. ಹಾಕ್ಸಿದೀರಾ?”

“ಇಲ್ಲ.”

“ಏನು ಪಾಠ ಮಾಡ್ತಿದ್ರಿ?”

“ಚರಿತ್ರೆ. ಜೆನ್ನರ್ 1796, ಪಾಶ್ಚರ್ 1885, ಹುಚ್ಚುನಾಯಿ ಕಡಿದ ಹುಡುಗ...”

“ಆ ಹುಡುಗನಿಗೂ ಮೊದ್ಲು, 1880ರ ಹೊತ್ತಿಗೇ ಪಾಶ್ಚರ್ ಲಸಿಕೆ ಮಾಡಿದ್ದು ಯಾರಿಗೆ ಗೊತ್ತಾ ಸಾರ್? ಕೋಳಿಗೆ. ಕೋಳಿ ಕಾಲರಾಕ್ಕೆ.”

ಮೂವತ್ನಾಲ್ಕು ವರ್ಷದಲ್ಲಿ ಮೇಷ್ಟ್ರು ಉತ್ತರ ಹೇಳಲಾಗದೆ ನಿಂತದ್ದನ್ನು ಕಂಡ ವಿದ್ಯಾರ್ಥಿ ನಾನೊಬ್ಬನೇ ಇರಬೇಕು. ವಾಪಸ್ ಬರುವಾಗ ಕೋಳಿಗೆ ತಾವೇ ಕೇಳಿ ಅರ್ಧ ಟಿಕೆಟ್ ತೆಗೆದುಕೊಂಡರು. ಮನೆಯಲ್ಲಿ ಅಮ್ಮಾವ್ರು ಕೆಂಪಿಗೆ ಗೋಣಿತಾಟು ಹಾಸಿ ಬೆಚ್ಚಗೆ ಮಲಗಿಸಿ, ನನಗೆ ಹೇಳಿದರು: “ನನ್ನ ಮಂಡಿ ನೋವು ತೋರ್ಸೋಕೆ ಹಾಸನಕ್ಕೆ ಹೋಗೋಣ ಅಂತ ಯುಗಾದಿಯಿಂದ ಹೇಳ್ತಿದೀನಿ ಕಣಪ್ಪ. ನನಗಾದ್ರೆ ಬಸ್ಸು ಫ್ರೀ.” ಮುಂದಿನ ಸೋಮವಾರ ಇಬ್ಬರೂ ಹಾಸನಕ್ಕೆ ಹೋಗಿಬಂದರು. ಮೇಷ್ಟ್ರು ಆ ಖರ್ಚನ್ನೂ ಹಾಜರಿ ಪುಸ್ತಕದಲ್ಲೇ ಬರೆದರು ಎಂಬುದು ಅಮ್ಮಾವ್ರಿಗೆ ಇನ್ನೂ ಗೊತ್ತಿಲ್ಲ.

ಕೆಂಪಿ ಎದ್ದಳು. ಮೊದಲೆರಡು ದಿನ ಗಂಜಿ, ಆಮೇಲೆ ನೆನೆಸಿದ ನುಚ್ಚು, ಹತ್ತನೇ ದಿನ ತಿಪ್ಪೆ. ಆಗ ಮೇಷ್ಟ್ರು ಲಸಿಕೆ ವಿಚಾರಿಸಲು ಹೋದರು. ಅಲ್ಲೊಂದು ತೊಡಕು. ಸೀಸೆಯಲ್ಲಿರುವುದು ನೂರು ಕೋಳಿಯ ಮದ್ದು, ಮೇಷ್ಟ್ರಲ್ಲಿರುವುದು ಆರು ಕೋಳಿ. ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಅಲ್ಲಿಯವರೆಗೆ ಮಂಜುಗಡ್ಡೆಯಲ್ಲಿಡಬೇಕು. ಹಿತ್ತಲಲ್ಲಿ ನಾಲ್ಕಾರು ಕೋಳಿ ಸಾಕುವವರು ಲಸಿಕೆ ಹಾಕಿಸದೆ ಉಳಿಯುವುದು ಸೋಮಾರಿತನದಿಂದ ಮಾತ್ರವಲ್ಲ, ಈ ಲೆಕ್ಕದಿಂದಲೂ ಹೌದು.

ಮೇಷ್ಟ್ರಿಗೆ ಇದು ತೊಡಕಾಗಿ ಕಾಣಲಿಲ್ಲ. ಸರ್ಕಾರಿ ಮೇಷ್ಟ್ರಾಗಿ ಜನಗಣತಿ ಮಾಡಿದವರು, ಚುನಾವಣೆ ಮಾಡಿದವರು, ಪೋಲಿಯೋ ಭಾನುವಾರಗಳಲ್ಲಿ ಬೂತಿನಲ್ಲಿ ಕೂತವರು. ಎರಡು ದಿನದಲ್ಲಿ ಆರು ಬೀದಿಯ ಕೋಳಿಗಣತಿ ಮುಗಿಸಿದರು: ತೊಂಬತ್ತೊಂದು. ಯಾರ ಮನೆಯಲ್ಲಿ ಎಷ್ಟು, ಎಂಟು ವಾರ ದಾಟಿದವೆಷ್ಟು, ತೂಕಡಿಸುವವು ಯಾವುವಾದರೂ ಇವೆಯೇ. ಕಾಯಿಲೆ ಇರುವುದಕ್ಕೆ ಲಸಿಕೆ ಹಾಕುವಂತಿಲ್ಲ. ಪಶು ಆಸ್ಪತ್ರೆಯಿಂದ ಚುಚ್ಚುವವರು ಬರುತ್ತಾರೆ. ಫ್ಲಾಸ್ಕು ಹೊರುವುದು ನಾನು. ಚುಚ್ಚಿಸಿಕೊಂಡ ಕೋಳಿಯ ಕಾಲುಗುರಿಗೆ ಬಣ್ಣ ಹಚ್ಚುವುದು ಮೇಷ್ಟ್ರು, ಅಮ್ಮಾವ್ರ ಸೊಸೆ ಬಿಟ್ಟುಹೋದ ನೇಲ್ ಪಾಲಿಷಿನಲ್ಲಿ. ಸಾರು ಮಾಡಿ ಎಂದಿದ್ದ ಆಟೋದವನೇ ಮೈಕು ಕಟ್ಟಿಕೊಂಡು ಕೂಗಿಬಂದಿದ್ದಾನೆ; ಅವನ ಮನೆಯಲ್ಲಿ ಹನ್ನೊಂದು ಕೋಳಿ ಇರುವುದು ಗಣತಿಯಲ್ಲಿ ಬಯಲಾಯಿತು.

ಇನ್ನೂ ಒಂಬತ್ತು ಡೋಸು ಉಳಿಯುತ್ತವೆ. ನಿಮ್ಮ ಮನೆ ನಮ್ಮ ಹೋಬಳಿಯಲ್ಲಿದ್ದು, ಹಿತ್ತಲಲ್ಲಿ ಕೋಳಿ ಇದ್ದರೆ, ಭಾನುವಾರ ಸಂಜೆ ಆರೂಕಾಲರ ಹೊತ್ತಿಗೆ ಎಲ್ಲವನ್ನೂ ಗೂಡಿಗೆ ಸೇರಿಸಿ ಬಾಗಿಲು ಹಾಕಿಟ್ಟಿರಿ. ಹೆಸರಿಟ್ಟಿಲ್ಲದಿದ್ದರೆ ಅಷ್ಟರೊಳಗೆ ಒಂದೊಂದು ಹೆಸರನ್ನೂ ಇಟ್ಟಿರಿ. ಮೇಷ್ಟ್ರು ಹಾಜರಿ ಕೂಗುತ್ತಾರೆ.